ನಮ್ಮ ತೋಟದ ಕಾಂಗ್ ಫ್ಯಾಮಿಲಿ

1/5

ಈ ಫೋಟೋದಲ್ಲಿ ನಮ್ಮನೆ ಕೊಟ್ಟಿಗೆ ಮಾಡಿನ ಮೇಲೆ ಕೂತಿರೋನು ಕ್ರ್ಯಾಂಕಿ. ಫೋಟೋ ಶೇಕ್ ಆಗಿದೆ, ಬೈಬೇಡಿ. ನಾನು ಮೊಬೈಲ್ ಎತ್ತಿದ ಕೂಡಲೇ ಹಲ್ಲು ಕಿಸಿದು ಗದರಿದ, ಕೈ ನಡುಗಿತು. ಎಡಗಿವಿ ಅರ್ಧ ಹರಿದಿದೆ ನೋಡಿ. ವಯಸ್ಸಾದ ಗಂಡು ಮಂಗ. ಯಾರು ಬಂದ್ರೂ ಆಗಲ್ಲ, ಯಾವುದೂ ಸರಿಯಿಲ್ಲ. ಹಾಗಾಗಿ ಆ ಹೆಸರು.

ಹೆಸರು ಎಲ್ಲಿಂದ ಬಂತು ಅಂತ ಗೇಮ್ ಆಡೋರಿಗೆ ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ಹೇಳ್ತೀನಿ, ಕೇಳಿ. ನಿಂಟೆಂಡೋದವರ ಡಾಂಕಿ ಕಾಂಗ್ ಅನ್ನೋ ಗೇಮ್ ಬಂದಿದ್ದು 1981ರಲ್ಲಿ. ಮಾಡಿದವರು ಶಿಗೆರು ಮಿಯಾಮೊಟೊ. ಅದರಲ್ಲಿ ವಾನರನೇ ವಿಲನ್. ಪಾಲೀನ್ ಅನ್ನೋ ಹುಡುಗೀನ ಎತ್ಕೊಂಡು ಹೋಗಿ ಮೇಲೆ ನಿಂತು ಪೀಪಾಯಿ ಉರುಳಿಸ್ತಾನೆ, ಕೆಳಗಿಂದ ಹತ್ತಿ ಬರೋ ಪುಟಾಣಿ ಮನುಷ್ಯನೇ ಮುಂದೆ ಮಾರಿಯೋ ಆಗಿದ್ದು. ಆಮೇಲೆ 1994ರಲ್ಲಿ ಇಂಗ್ಲೆಂಡಿನ ರೇರ್ ಕಂಪನಿಯವರು ಡಾಂಕಿ ಕಾಂಗ್ ಕಂಟ್ರಿ ಮಾಡಿದರು. ಅಲ್ಲಿ ಕಥೆ ಪೂರ್ತಿ ತಿರುಗಾಮುರುಗಾ. ವಾನರನೇ ಹೀರೋ. ಮೊಸಳೆಗಳ ರಾಜ ಬಂದು ಇವನ ಬಾಳೆಹಣ್ಣಿನ ರಾಶಿಯನ್ನೇ ಕದ್ದುಕೊಂಡು ಹೋಗ್ತಾನೆ. ಆ ರಾತ್ರಿ ರಾಶಿ ಕಾಯೋ ಡ್ಯೂಟಿಗೆ ಇದ್ದಿದ್ದು ಕೆಂಪು ಟೋಪಿಯ ಡಿಡ್ಡಿ. ಅವನನ್ನ ಪೀಪಾಯಿಯೊಳಗೆ ತುರುಕಿ ಹೋಗಿರ್ತಾರೆ.

ಕ್ರ್ಯಾಂಕಿ ಅಂದ್ರೆ ಆ ಮನೆಯ ಅಜ್ಜ. ಊರುಗೋಲು, ಬಿಳಿ ಗಡ್ಡ, ಇಡೀ ದಿನ ಗೊಣಗಾಟ. "ನಮ್ಮ ಕಾಲದಲ್ಲಿ ಗೇಮ್ ಅಂದ್ರೆ ಹೀಗಿತ್ತಾ" ಅನ್ನೋ ಥರ. 1981ರಲ್ಲಿ ಪೀಪಾಯಿ ಉರುಳಿಸಿದ ವಿಲನ್ ಇದೇ ಅಜ್ಜ! ಹಳೇ ಕಳ್ಳ ಈಗ ಮನೆ ಹಿರಿಯ. ಈ ಒಂದು ವಿಷಯಕ್ಕೇ ನನಗೆ ಆ ಫ್ಯಾಮಿಲಿ ಮೇಲೆ ಪ್ರೀತಿ ಬಂದಿದ್ದು. ಅಜ್ಜಿ ರಿಂಕ್ಲಿ, ಜುಟ್ಟು ತಿರುಗಿಸಿ ಗಾಳಿಯಲ್ಲಿ ತೇಲೋ ಡಿಕ್ಸಿ, ವಿಮಾನದ ಹುಚ್ಚಿನ ಫಂಕಿ, ಇನ್ನೂ ಸುಮಾರು ಜನ ಇದ್ದಾರೆ.

(ಬಯಾಲಜಿಯವರು ಕಾಮೆಂಟಲ್ಲಿ ಬರೋ ಮೊದಲೇ ಹೇಳಿಬಿಡ್ತೀನಿ. ಡಾಂಕಿ ಕಾಂಗ್ ಗೊರಿಲ್ಲಾ ಜಾತಿ, ಬಾಲ ಇಲ್ಲ. ನಮ್ಮೂರಿನವು ಬಾಲ ಇರೋ ಮಂಗಗಳು. ಬೇರೆ ಬೇರೆ ಅಂತ ಗೊತ್ತು. ಹಾಗೆ ನೋಡಿದ್ರೆ ಚಿಂಪಾಂಜಿ ಅನ್ನಿಸಿಕೊಳ್ಳೋ ಡಿಡ್ಡಿಗೂ ಬಾಲ ಇದೆ, ಅದನ್ನ ಕಂಪನಿಯವರನ್ನೇ ಕೇಳಿ.)

2/5

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಮುಂದಿಂದು ಹೇಳಬೇಕಾಗಿಲ್ಲ. ಬೆಂಗಳೂರು, ಹುಬ್ಬಳ್ಳಿ ಫ್ರೆಂಡ್ಸ್‌ಗೆ ಹೇಳ್ತಿದ್ದೀನಿ.

ನಮ್ಮದು ಹೊಸನಗರ ತಾಲ್ಲೂಕು. ಅಡಿಕೆ ತೋಟ, ಮಧ್ಯೆ ಬಾಳೆ, ಮರಕ್ಕೆ ಕಾಳುಮೆಣಸು. ಮಂಗಗಳ ಹಿಂಡು ಬಂತು ಅಂದ್ರೆ ಎಳೆ ಅಡಿಕೆ ಕಚ್ಚಿ ರಸ ಹೀರಿ ಬಿಸಾಡ್ತವೆ. ತಿಂದಿದ್ದಕ್ಕಿಂತ ಉದುರಿಸಿದ್ದೇ ಹೆಚ್ಚು. ಬಾಳೆಗೊನೆಗೆ ಗೋಣಿಚೀಲ ಕಟ್ಟಿದರೆ ಚೀಲ ಬಿಚ್ಚೋದನ್ನೂ ಕಲಿತಿದ್ದಾವೆ. ಹೋದ ವರ್ಷ ದೀಪಾವಳಿಗೆ ಪೂಜೆಗೆ ಅಂತ ಅಪ್ಪ ಪೇಟೆಯಿಂದ ಬಾಳೆಹಣ್ಣು ತಂದರು. ತೋಟದಲ್ಲಿ ಇನ್ನೂರು ಬಾಳೆ ಬುಡ ಇಟ್ಕೊಂಡು ಕೆಜಿ ಲೆಕ್ಕದಲ್ಲಿ ಹಣ್ಣು ಕೊಂಡು ತರೋದು! ಚೀಲ ಜಗಲಿ ಮೇಲಿಟ್ಟು ಅಪ್ಪ ಏನೂ ಮಾತಾಡಲಿಲ್ಲ. ನನ್ನ ಕಾಲೇಜು ಫೀಸು, ಹಾಸ್ಟೆಲ್ಲು ಎಲ್ಲ ಆ ತೋಟದ್ದೇ. "ಮಂಗ ಪಾಪ" ಅಂತ ರೀಲ್ಸ್ ಮಾಡೋದು ಸುಲಭ ಕಣ್ರೋ.

ಮಾಡದ ಉಪಾಯ ಇಲ್ಲ. ಗರ್ನಾಲು, ಕವಣೆ, ಡಬ್ಬ ಬಡಿಯೋದು, ನಾಯಿ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ರೈತರು ತಮ್ಮ ನಾಯಿಗೆ ಹುಲಿ ಪಟ್ಟೆ ಬಳಿದು ತೋಟಕ್ಕೆ ಬಿಟ್ಟಿದ್ದು ದೇಶವೆಲ್ಲ ಸುದ್ದಿಯಾಯ್ತಲ್ಲ. ಎಲ್ಲರೂ ನಕ್ಕರು. ನಮ್ಮನೇಲಿ ಯಾರೂ ನಗಲಿಲ್ಲ, "ಯಾವ ಬಣ್ಣವಂತೆ, ಎಷ್ಟು ದಿನ ನಿಲ್ಲುತ್ತಂತೆ" ಅಂತ ವಿಚಾರಿಸಿದರು. ಅದೇ ಮನೆಯಲ್ಲಿ ಶನಿವಾರ ಆಂಜನೇಯನಿಗೆ ಹಣ್ಣುಕಾಯಿ ತಪ್ಪಿಲ್ಲ. ಗುಡಿಯಿಂದ ಬಂದು ಪಂಚೆ ಎತ್ತಿ ಕಟ್ಟಿ ಗರ್ನಾಲಿಗೆ ಬೆಂಕಿ ಇಡೋರು ನಮ್ಮ ದೊಡ್ಡಪ್ಪ.

ಸರ್ಕಾರದ ಕಡೆಯಿಂದ ಮಂಕಿ ಪಾರ್ಕ್ ಅಂತ ಒಂದು ಮಾತು ಬಂತು. ಯಡಿಯೂರಪ್ಪನವರು ಮುಖ್ಯಮಂತ್ರಿ ಆಗಿದ್ದಾಗ, 2019ರ ಕೊನೆಗೆ. ನಮ್ಮ ತಾಲ್ಲೂಕಿನ ನಿಟ್ಟೂರು ಕಡೆ ಜಾಗ ನೋಡಿದರು. ಎಲ್ಲ ಕಡೆಯ ಮಂಗ ತಂದು ಒಂದೇ ಕಾಡಿಗೆ ಬಿಟ್ಟರೆ ಕಾಯಿಲೆ ಬರುತ್ತೆ ಅಂತ ಆ ಭಾಗದ ಜನ ಬೇಡವೇ ಬೇಡ ಅಂದರು. ಕಾಯಿಲೆ ವಿಷಯ ಕೊನೆ ಪೋಸ್ಟಲ್ಲಿ ಬರ್ತೀನಿ.

ಕೊನೆಗೆ ಉಳಿಯೋದು ಒಂದೇ ದಾರಿ. ಎಲ್ಲರಿಗೂ ಗೊತ್ತು, ಯಾರೂ ಜೋರಾಗಿ ಹೇಳಲ್ಲ. ಹಿಡಿಯೋರನ್ನ ಕರೆಸಿ, ಬೋನಿಗೆ ಹಾಕಿಸಿ, ರಾತ್ರಿ ಪಿಕಪ್ಪಲ್ಲಿ ಬೇರೆ ಕಡೆ ಕಾಡಿಗೆ ಬಿಟ್ಟು ಬರೋದು. ಸಾಗರದವರದ್ದು ಹೊಸನಗರಕ್ಕೆ, ಹೊಸನಗರದವರದ್ದು ತೀರ್ಥಹಳ್ಳಿಗೆ, ತೀರ್ಥಹಳ್ಳಿಯವರದ್ದು ವಾಪಸ್ ಸಾಗರಕ್ಕೆ. ಮದುವೆ ಮನೇಲಿ ಊಟಕ್ಕೆ ಕೂತಾಗ ಇದೊಂದು ಜೋಕು.

3/5

ಹೋದ ನವೆಂಬರಲ್ಲಿ ನಾವೂ ಮಾಡಿದ್ವಿ.

ನಾಲ್ಕು ಮನೆಯವರು ದುಡ್ಡು ಹಾಕಿದರು. ಹಿಡಿಯೋರು ಬಂದು ಬೋನಿಟ್ಟು, ಮೊದಲೆರಡು ದಿನ ಬಾಗಿಲು ಹಾಕದೇ ಶೇಂಗಾ, ಬಾಳೆಹಣ್ಣು ಇಡ್ತಾ ಹೋದರು. ಮಂಗಗಳಿಗೆ ನಂಬಿಕೆ ಬರಬೇಕಲ್ಲ. ಮೂರನೇ ದಿನ ಹಗ್ಗ ಎಳೆದರು. ಇಪ್ಪತ್ಮೂರು. ನಾನೇ ಎಣಿಸಿದ್ದು. ಒಂದು ತಾಯಿ ಹೊಟ್ಟೆಗೆ ಮರಿ ಅವಚಿಕೊಂಡು ಮೂಲೆಗೆ ಬೆನ್ನು ಹಾಕಿ ಕೂತಿತ್ತು, ಅದನ್ನ ಎರಡು ಅಂತ ಎಣಿಸಿದೆ.

ಕ್ರ್ಯಾಂಕಿ ಬೋನಿನ ಹತ್ತಿರವೂ ಬರಲಿಲ್ಲ. ಮೂರೂ ದಿನ ಹಲಸಿನ ಮರದ ಮೇಲೆ ಕೂತು ಕೆಳಗಿನವರನ್ನ ಬೈತಾ ಇದ್ದ. ನಾವು ಅದು ನಮಗೆ ಅಂದ್ಕೊಂಡಿದ್ವಿ.

ಆ ರಾತ್ರಿ ಪಿಕಪ್ಪಿನ ಮುಂದಿನ ಸೀಟಲ್ಲಿ ಅಪ್ಪನ ಪಕ್ಕ ನಾನೂ ಹೋದೆ. ಯಾರೂ ಒತ್ತಾಯ ಮಾಡಿರಲಿಲ್ಲ, ನನಗೇ ಖುಷಿ ಇತ್ತು. ತೀರ್ಥಹಳ್ಳಿ ಕಡೆ ಒಂದು ಕಾಡು, ಯಾವುದು ಅಂತ ಹೇಳಲ್ಲ. ದಾರಿ ಉದ್ದಕ್ಕೂ ಹಿಂದಿನಿಂದ ಸದ್ದೇ ಇಲ್ಲ. ಅಷ್ಟು ಗಲಾಟೆ ಮಾಡೋ ಪ್ರಾಣಿಗಳು ಕತ್ತಲಲ್ಲಿ ಒಂದನ್ನೊಂದು ಹಿಡ್ಕೊಂಡು ಸುಮ್ಮನೆ ಕೂತಿದ್ವು. ಬಾಗಿಲು ತೆಗೆದಾಗಲೂ ಇಳಿಯಲಿಲ್ಲ. ಕೋಲಿಂದ ಬಡಿದ ಮೇಲೆ ಎಲ್ಲ ಒಟ್ಟಿಗೆ ಹಾರಿದ್ವು, ಆಮೇಲೆ ಬೇರೆ ಬೇರೆ ದಿಕ್ಕಿಗೆ ಓಡಿದ್ವು. ತಾಯಿ ಎಡಕ್ಕೆ. ಒಂದು ದೊಡ್ಡದು ರಸ್ತೆ ದಾಟಿ ಬಲಕ್ಕೆ. ಟಾರ್ಚ್ ಬೆಳಕಲ್ಲಿ ಅಷ್ಟೇ ಕಂಡಿದ್ದು.

ವಾಪಸ್ ಬರೋವಾಗ ಅಪ್ಪ ಹೋಟೆಲಲ್ಲಿ ದೋಸೆ ಕೊಡಿಸಿದರು. ಚೆನ್ನಾಗಿ ತಿಂದೆ.

4/5

ಅದೇ ವಾರ ಬೆಂಗಳೂರಿಂದ ಮಾವನ ಮಗ ಬಂದಿದ್ದ, ಜೊತೆಗೆ ಅವನ ಸ್ವಿಚ್. ಹಾಕಿದ್ದು ಟ್ರಾಪಿಕಲ್ ಫ್ರೀಜ್. 2014ರಲ್ಲಿ ಬಂದ ಗೇಮು, 2018ರಲ್ಲಿ ಸ್ವಿಚ್‌ಗೂ ಬಂತು. ಅವನು ಡಾಂಕಿ ಕಾಂಗ್, ನಾನು ಬಾಲಂಗೋಚಿ.

ಶುರುವಿನ ವಿಡಿಯೋ ನೋಡಿ ನನ್ನ ಕೈ ನಿಂತಿತು. ಡಾಂಕಿ ಕಾಂಗ್ ಹುಟ್ಟುಹಬ್ಬ. ಡಿಡ್ಡಿ, ಡಿಕ್ಸಿ, ಅಜ್ಜ ಎಲ್ಲ ಮನೇಲಿದ್ದಾರೆ. ಸಮುದ್ರದ ಆ ಕಡೆಯಿಂದ ಸ್ನೋಮ್ಯಾಡ್ಸ್ ಅನ್ನೋ ಗುಂಪು ಹಡಗಲ್ಲಿ ಬರುತ್ತೆ. ಪೆಂಗ್ವಿನ್ನು, ಗೂಬೆ, ವಾಲ್ರಸ್ ಥರದವರು. ಕೊಂಬು ಊದಿ ಇಡೀ ದ್ವೀಪ ಹಿಮ ಮಾಡ್ತಾರೆ, ಆ ಗಾಳಿಗೆ ಇಡೀ ಫ್ಯಾಮಿಲಿ ಹಾರಿ ಎಲ್ಲೋ ದೂರದ ದ್ವೀಪಕ್ಕೆ ಹೋಗಿ ಬೀಳುತ್ತೆ. ಪೂರ್ತಿ ಗೇಮ್ ಇಷ್ಟೇ. ಒಂದೊಂದೇ ದ್ವೀಪ ದಾಟ್ಕೊಂಡು ಮನೆಗೆ ವಾಪಸ್ ಹೋಗೋದು. ಕೊನೆಯ ಲೋಕ ಅವರದೇ ಊರು.

ಅದರಲ್ಲಿ ಒಬ್ಬನೇ ಹೋದ್ರೆ ಕಷ್ಟ. ಡಾಂಕಿ ಕಾಂಗ್ ಬೆನ್ನ ಮೇಲೆ ಯಾರನ್ನಾದ್ರೂ ಹೊತ್ಕೊಂಡ್ರೆ ಮಾತ್ರ ಹಳ್ಳ ದಾಟೋಕೆ ಸಲೀಸು. ಡಿಡ್ಡಿ ಇದ್ರೆ ಸ್ವಲ್ಪ ಹೊತ್ತು ತೇಲಬಹುದು, ಡಿಕ್ಸಿ ಇದ್ರೆ ಇನ್ನೊಂಚೂರು ಮೇಲೇಳಬಹುದು. 1994ರಲ್ಲಿ ಬರೀ ಗೊಣಗ್ತಾ ಕೂತಿದ್ದ ಅಜ್ಜನೂ ಇದರಲ್ಲಿ ಬರ್ತಾನೆ, ಊರುಗೋಲು ಊರಿ ಮುಳ್ಳಿನ ಮೇಲೇ ನೆಗೀತಾನೆ. ನನಗೆ ಯಾವಾಗಲೂ ಅಜ್ಜನೇ ಬೇಕು.

"ಈ ಗೇಮಲ್ಲಿ ಕೊಂಬು ಊದಿದ್ದು ನಾವು ಕಣೋ" ಅಂದೆ. ಮಾವನ ಮಗನಿಗೆ ಅರ್ಥ ಆಗಲಿಲ್ಲ. "ಜಂಪ್ ಮಾಡೇ" ಅಂದ.

ಆಮೇಲೆ ಸ್ವಲ್ಪ ಓದಿದೆ. ನಮ್ಮ ತೋಟಕ್ಕೆ ಬರೋ ಕೆಂಪು ಮುಖದ ಮಂಗ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ತಲೆ ಮೇಲೆ ಕೂದಲು ಬೈತಲೆ ತೆಗೆದು ಟೋಪಿ ಇಟ್ಟ ಹಾಗಿರುತ್ತೆ, ಡಿಡ್ಡಿಗೆ ಹೊಲಿಸಬೇಕಾಯ್ತು, ಇವಕ್ಕೆ ಹುಟ್ಟಿನಿಂದಲೇ. ಹೆಣ್ಣು ಮಂಗ ಹುಟ್ಟಿದ ಹಿಂಡಲ್ಲೇ ಸಾಯೋವರೆಗೂ ಇರುತ್ತೆ. ತಾಯಿ, ಮಗಳು, ಮೊಮ್ಮಗಳು, ಅಕ್ಕತಂಗಿ. ಹಿಂಡಲ್ಲಿ ತಾಯಿಗೆ ಯಾವ ಜಾಗವೋ ಮಗಳಿಗೂ ಸುಮಾರು ಅದೇ ಜಾಗ. ಬೆಳೆದ ಮೇಲೆ ಮನೆ ಬಿಟ್ಟು ಹೋಗೋದು ಗಂಡು. ಅಂದ್ರೆ ಕ್ರ್ಯಾಂಕಿ ಈ ತೋಟಕ್ಕೆ ಹೊರಗಿಂದ ಬಂದವನು, ಹುಟ್ಟಿದ್ದು ಇನ್ನೆಲ್ಲೋ. ಈ ಊರಲ್ಲೇ ಹುಟ್ಟಿದವನ್ನ ನಾವು ಆ ರಾತ್ರಿ ಸಾಗಿಸಿದ್ವಿ.

ಅವನು ಡಿಸೆಂಬರ್ ಪೂರ್ತಿ ಕೊಟ್ಟಿಗೆ ಮಾಡಿನ ಮೇಲೆ ಕೂರ್ತಿದ್ದ. ಈ ಫೋಟೋ ಆವಾಗಿಂದು. ಅಡಿಕೆ ಮುಟ್ಟಲಿಲ್ಲ. ಬೆಳಿಗ್ಗೆ ಒಂದು ಥರ ಕೂಗೋನು, ಸ್ವಲ್ಪ ಹೊತ್ತು ಸುಮ್ಮನಿರೋನು, ಮತ್ತೆ ಕೂಗೋನು. ಅಮ್ಮ ಒಂದು ದಿನ ಗೊಣಗ್ತಾ ಒಂದು ಪುಟ್ಟಬಾಳೆಹಣ್ಣು ಕಟ್ಟೆ ಮೇಲಿಟ್ಟರು. ಪೇಟೆಯಿಂದ ತಂದ ಹಣ್ಣು.

5/5

ಈಗ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಿಸಿದ್ದರಿಂದ ಪ್ರಪಂಚಕ್ಕೆಲ್ಲ ಆ ಊರಿನ ಹೆಸರಲ್ಲೇ ಗೊತ್ತು. ನಮಗೆ ಮಂಗನ ಕಾಯಿಲೆ. ಹೆಸರು ಮಂಗನದ್ದು, ಕಚ್ಚೋದು ಉಣುಗು. ವೈರಸ್ ಇರೋ ಉಣುಗು ಕಚ್ಚಿದರೆ ಮಂಗವೂ ಸಾಯುತ್ತೆ, ಮನುಷ್ಯನೂ ಮಲಗ್ತಾನೆ. ಸತ್ತ ಮಂಗದ ಮೈಯಿಂದ ಉಣುಗು ಇಳಿದು ಸುತ್ತಲೂ ಹರಡ್ತವೆ. ಚಳಿಗಾಲದಿಂದ ಮಳೆ ಹಿಡಿಯೋವರೆಗೆ ಅದರ ಕಾಲ. ಸಾಗರ ತಾಲ್ಲೂಕಿನ ಅರಳಗೋಡಲ್ಲಿ 2018-19ರಲ್ಲಿ ಎಷ್ಟು ಮನೇಲಿ ಸಾವಾಯ್ತು ಅಂತ ಆ ಕಡೆಯ ಕ್ಲಾಸ್‌ಮೇಟ್ಸ್‌ಗೆ ಗೊತ್ತು. ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗೋರಿಗೇ ಮೊದಲು ಬರೋದು.

ಜನವರಿಯಲ್ಲಿ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಂದು ಮಂಗ ಸತ್ತು ಬಿದ್ದಿದೆ ಅಂತ ಕೆಲಸಕ್ಕೆ ಬಂದವರು ಹೇಳಿದರು. ಅಮ್ಮ ನನ್ನನ್ನ ಅಂಗಳ ದಾಟೋಕೆ ಬಿಡಲಿಲ್ಲ. ಆಶಾ ಅಕ್ಕನಿಗೆ ಫೋನ್ ಮಾಡಿದ್ದು ನಾನೇ. ಆರೋಗ್ಯ ಇಲಾಖೆಯವರು ಮೈ ಪೂರ್ತಿ ಮುಚ್ಚೋ ಬಟ್ಟೆ ಹಾಕ್ಕೊಂಡು ಬಂದು, ಪರೀಕ್ಷೆಗೆ ಬೇಕಾದ್ದು ತಗೊಂಡು, ಅಲ್ಲೇ ಸುಟ್ಟು, ಸುತ್ತ ಪುಡಿ ಹೊಡೆದು ಹೋದರು. ಮನೆಯವರೆಲ್ಲ ದಿನಾ ಜ್ವರ ನೋಡ್ಕೊಂಡ್ವಿ. ಕೊಟ್ಟಿಗೆಗೆ ಸೊಪ್ಪು ತರೋ ಕೆಲಸ ನಿಂತಿತು. ಅಪ್ಪ ಬೆಟ್ಟಕ್ಕೆ ಎರಡು ದಿನ ಮೊದಲಷ್ಟೇ ಹೋಗಿ ಬಂದಿದ್ದರು. ಆ ಒಂದು ವಾರ ಅಪ್ಪ ಕೆಮ್ಮಿದರೂ ಅಮ್ಮ ಅಡುಗೆಮನೆಯಿಂದ ಇಣುಕಿ ನೋಡೋರು. ರಿಸಲ್ಟ್ ನೆಗೆಟಿವ್ ಬಂತು, ಯಾರಿಗೂ ಏನೂ ಆಗಲಿಲ್ಲ.

ಪುಡಿ ಹೊಡೆದು ವಾಪಸ್ ಹೋಗ್ತಿದ್ದ ಸಿಬ್ಬಂದಿ ಒಬ್ಬರನ್ನ ದೂರದಿಂದಲೇ ಕೂಗಿ ಕೇಳಿದೆ. "ಸರ್, ಎಡಗಿವಿ ಹರಿದಿತ್ತಾ?" ಅವರು ನನ್ನ ಮುಖ ನೋಡಿದರು. "ಕಿವಿ ಎಲ್ಲ ಯಾರು ನೋಡ್ತಾರಮ್ಮಾ."

ಕ್ರ್ಯಾಂಕಿ ಮತ್ತೆ ಮಾಡಿನ ಮೇಲೆ ಬಂದಿಲ್ಲ.

ಮಾರ್ಚಲ್ಲಿ ಹೊಸ ಹಿಂಡು ಬಂತು. ಎರಡನೇ ಫೋಟೋ ಅವುಗಳದ್ದು. ಹದಿನೈದು ಇರಬಹುದು. ಇವು ಯಾವುದೋ ಪೇಟೆಯವೋ, ದೇವಸ್ಥಾನದವೋ, ನನಗೆ ಅನುಮಾನವೇ ಇಲ್ಲ. ಜನ ಕಂಡರೆ ಓಡಲ್ಲ, ಹತ್ತಿರ ಬರ್ತವೆ. ಕುರ್ಕುರೆ ಪ್ಯಾಕೆಟ್ ಸದ್ದಿಗೆ ತಿರುಗ್ತವೆ, ಹಲಸಿನ ಮರದ ಕಡೆ ನೋಡೋದೂ ಇಲ್ಲ. ಸೀದಾ ಅಡುಗೆಮನೆ ಹಂಚೇ ಎತ್ತುತ್ತವೆ. ಅಪ್ಪ ಮತ್ತೆ ಹಿಡಿಯೋರಿಗೆ ಫೋನ್ ಮಾಡಿದ್ದಾರೆ, ಈ ಸಲ ಏಳು ಮನೆ ಸೇರಿದೆ. ಬೇಡ ಅನ್ನೋಕೆ ನನ್ನ ಹತ್ತಿರ ಬೇರೆ ಉಪಾಯ ಇಲ್ಲ. ಪಿಕಪ್ಪಲ್ಲಿ ನಾನು ಬರಲ್ಲ ಅಂದೆ. "ಯಾಕೇ?" ಅಂದರು. ಗೇಮಿನ ಕಥೆ ಹೇಳಿದೆ. ಪೂರ್ತಿ ಕೇಳಿದರು. "ಅವು ವಾಪಸ್ ಹೋದ್ವಾ ಮನೆಗೆ?" ಅಂತ ಕೇಳಿದರು. ಹೋದ್ವು ಅಂದೆ. "ಗೇಮಲ್ಲಿ" ಅಂದರು ಅಪ್ಪ, ಎದ್ದು ತೋಟಕ್ಕೆ ಹೋದರು.

ಎರಡನೇ ಫೋಟೋ ಝೂಮ್ ಮಾಡಿ. ಬಲಗಡೆ ಕೂತಿರೋ ಹೆಣ್ಣು ಮಂಗದ ಕುತ್ತಿಗೇಲಿ ನೀಲಿ ಪ್ಲಾಸ್ಟಿಕ್ ಹಗ್ಗದ ತುಂಡಿದೆ, ಯಾರೋ ಕಟ್ಟಿ ಸಾಕಿದ್ದಿರಬೇಕು. ಪಕ್ಕದ ಮರಿಗೆ ಬಾಲದ ತುದಿ ಇಲ್ಲ. ಸಾಗರದವರು, ತೀರ್ಥಹಳ್ಳಿಯವರು ಸರಿಯಾಗಿ ನೋಡಿ. ನಿಮ್ಮ ಕಡೆಯವಾ? ಕಾಮೆಂಟಲ್ಲಿ ಹೇಳೋಕೆ ಮುಜುಗರ ಆದ್ರೆ ಮೆಸೇಜ್ ಮಾಡಿ, ನಾನು ಯಾರಿಗೂ ಹೇಳಲ್ಲ. ಬೋನು ಶುಕ್ರವಾರ ಬರುತ್ತೆ.