ಹರಪ್ಪ ಗೊತ್ತು, ಸಾವನದುರ್ಗ ಗೊತ್ತಿಲ್ಲ

ಮಾಗಡಿ
ಶಾಲೆಗೆ ಹೊರಟಿದ್ದ ಹುಡುಗನೊಬ್ಬನನ್ನು ಬಸ್ ಸ್ಟಾಪಿನಲ್ಲಿ ಕೇಳಿದೆ: ಹರಪ್ಪ, ಮೊಹೆಂಜೊದಾರೊ ಗೊತ್ತಾ? ದೊಡ್ಡ ಸ್ನಾನದ ಕೊಳ, ಒಳಚರಂಡಿ, ಸುಟ್ಟ ಇಟ್ಟಿಗೆ, ಕಂಚಿನ ನರ್ತಕಿ, ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸಿದ. ಸಾವನದುರ್ಗದ ತಪ್ಪಲಲ್ಲಿ ಏನಿದೆ? ‘ವೀರಭದ್ರಸ್ವಾಮಿ ಗುಡಿ, ನರಸಿಂಹಸ್ವಾಮಿ ಗುಡಿ, ಟ್ರೆಕ್ಕಿಂಗು.’ ಅಷ್ಟೇ.

ಹುಡುಗನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಸಾವನದುರ್ಗದ ಬಳಿಯ ಪ್ರಾಚೀನ ಕಲ್ಲುಗೋರಿಗಳ ಬಗ್ಗೆ ಕ್ಯಾಪ್ಟನ್ ಬ್ರಾನ್‌ಫಿಲ್ ಎಂಬಾತ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಲೇಖನ ಬರೆದದ್ದು 1881ರಲ್ಲಿ. ಹರಪ್ಪ ನಾಗರಿಕತೆಯ ಸುದ್ದಿಯನ್ನು ಜಾನ್ ಮಾರ್ಷಲ್ ಜಗತ್ತಿಗೆ ಹೇಳಿದ್ದು 1924ರಲ್ಲಿ. ನಲವತ್ತಮೂರು ವರ್ಷ ಮೊದಲೇ ಅಚ್ಚಾದ ನಮ್ಮೂರಿನ ಸುದ್ದಿ ನಮ್ಮೂರಿಗೇ ತಲುಪಿಲ್ಲ. ದಾರಿಯಲ್ಲಿ ಎಲ್ಲಿ ಕಳೆದುಹೋಯಿತು?

ಕಾಲದ ಲೆಕ್ಕ
ಗೊಂದಲ ಬೇಡವೆಂದು ಬರೆದಿಟ್ಟುಕೊಂಡೆ. ಹರಪ್ಪದ ನಗರಗಳು ಮೆರೆದದ್ದು ಕ್ರಿ.ಪೂ. 2600ರಿಂದ 1900ರವರೆಗೆ. ಆಗ ನಮ್ಮ ಕಡೆ ನಗರವಿರಲಿಲ್ಲ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ದನ ಸಾಕುತ್ತಿದ್ದವರು ಸಗಣಿ ಸುಟ್ಟು ಬೂದಿದಿಬ್ಬಗಳನ್ನು ಬಿಟ್ಟುಹೋದರು. ಸಾವನದುರ್ಗದಂಥ ಕಲ್ಲುಗೋರಿಗಳು ಅದಕ್ಕೂ ಈಚಿನವು, ಕಬ್ಬಿಣ ಬಂದ ಕಾಲದವು. ಹರಪ್ಪದ ಊರು ನಾನು ಸುತ್ತಿದ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಸಿಕ್ಕಿಲ್ಲ. ಎರಡು ಸೀಮೆಗಳನ್ನು ಕಟ್ಟುವ ಎಳೆಯೊಂದಿದ್ದರೆ ಅದು ಚಿನ್ನ: ಮೊಹೆಂಜೊದಾರೊದ ಬೆಳ್ಳಿ ಬೆರೆತ ಚಿನ್ನ ಕೋಲಾರದ ಕಡೆಯಿಂದ ಹೋಗಿರಬಹುದು ಎಂಬ ಊಹೆ ಮಾರ್ಷಲ್‌ರ ಕಾಲದಿಂದಲೂ ಇದೆ.

ಕಲ್ಲುಗೋರಿ ಎಂದರೆ
ನೆಲದ ಮೇಲೆ ಉರುಟು ಗುಂಡುಗಳ ಒಂದು ಸುತ್ತು. ಅದರ ನಡುವೆ ನೆಲದೊಳಗೆ ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಕೋಣೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕಂಡ ಜಾಣತನ ಇದು: ಪ್ರತಿ ಚಪ್ಪಡಿಯ ತುದಿ ಪಕ್ಕದ್ದನ್ನು ದಾಟಿ ಮುಂದೆ ಚಾಚಿರುತ್ತದೆ. ಹೊರಗಿನ ಮಣ್ಣು ಒತ್ತಿದಷ್ಟೂ ಕಲ್ಲುಗಳು ಒಂದನ್ನೊಂದು ಬಿಗಿಹಿಡಿಯುತ್ತವೆ. ಗಾರೆಯೂ ಬೇಡ, ಮೊಳೆಯೂ ಬೇಡ. ಅನೇಕ ಕಡೆ ಪೂರ್ವದ ಚಪ್ಪಡಿಗೆ ಒಂದು ದುಂಡನೆಯ ಕಂಡಿ. ಒಳಗೆ ಕೆಲವು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ. ಊರವರು ಇವನ್ನು ಪಾಂಡವರ ಗುಡಿ ಅಂತಲೋ ಮೋರಿಯರ ಮನೆ ಅಂತಲೋ ಕರೆದು ದೂರ ಇದ್ದರು. ಆ ಕಥೆ ಇರುವವರೆಗೂ ಕಲ್ಲು ಉಳಿಯಿತು. ಒಳಗೆ ಮಡಕೆಯಿದೆ, ಮಡಕೆಯೊಳಗೆ ನಿಧಿಯಿದೆ ಎಂಬ ಇನ್ನೊಂದು ಕಥೆ ಹುಟ್ಟಿದಾಗ ಹಾರೆ ಬಿತ್ತು. ಯಾವ ಕಥೆ ಯಾವ ಊರಿನಲ್ಲಿ ಗೆಲ್ಲುತ್ತದೆ, ಯಾಕೆ ಗೆಲ್ಲುತ್ತದೆ? ನನಗೆ ಬಗೆಹರಿದಿಲ್ಲ.

ರಾಮನಗರ
ರಾಮದೇವರ ಬೆಟ್ಟದ ಕಡೆ ಬರುವವರು ಇವತ್ತಿಗೂ ಕೇಳುವ ಪ್ರಶ್ನೆ, ಗಬ್ಬರ್ ಸಿಂಗ್ ಎಲ್ಲಿದ್ದ? ‘ಶೋಲೆ’ಗಾಗಿ ಇಲ್ಲಿ ಒಂದು ಊರನ್ನೇ ಕಟ್ಟಿದ್ದರು, ಚಿತ್ರೀಕರಣ ಮುಗಿದ ಮೇಲೆ ಬಿಚ್ಚಿದರು. ಇಲ್ಲದ ಊರಿಗೆ ಗೈಡ್ ಸಿಗುತ್ತಾರೆ. ಸಾವಿರಾರು ವರ್ಷದಿಂದ ಇರುವ ಗೋರಿಗೆ ಒಂದು ಬೋರ್ಡು ಕಾಣೆ.

ಅದೇ ರಾಮನಗರದಲ್ಲಿ, ಮೈಸೂರು ರಸ್ತೆಯ ಪಕ್ಕ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವೂ ಇದೆ. ಊರೂರಿನಿಂದ ಬಂದ ಒನಕೆ, ಕೊಳಗ, ಕೂರಿಗೆ, ತೊಗಲುಗೊಂಬೆಗಳೆಲ್ಲ ಅಲ್ಲಿ ಸಾಲಾಗಿ ಕೂತಿವೆ. ಜನ ಹಳೆಯದನ್ನು ಕಾಯುವುದಿಲ್ಲ ಎನ್ನುವವರು ಒಮ್ಮೆ ಒಳಗೆ ಹೋಗಿ ಬರಲಿ. ಕೇಳುವವರು ಇದ್ದರೆ ಕೊಡುವವರು ಇರುತ್ತಾರೆ.

ಚನ್ನಪಟ್ಟಣದ ಕಡೆ ಒಂದು ಊರು
ಅರಳಿಕಟ್ಟೆಯ ಪಕ್ಕ ಒಂದು ವೀರಗಲ್ಲು. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಲಿಂಗ ಇರಬೇಕು. ಇರಬೇಕು ಎಂದದ್ದು ಯಾಕೆಂದರೆ ಮೇಲಿನ ಹಂತವಿಡೀ ಸುಣ್ಣ, ಅದರ ಮೇಲೆ ಎಣ್ಣೆ, ಅದರ ಮೇಲೆ ಹಳದಿ ಪೇಂಟು. ಹಂತಗಳ ನಡುವಿನ ಪಟ್ಟಿಯಲ್ಲಿ ಬೆರಳಾಡಿಸಿದರೆ ಅಕ್ಷರದ ಗುಣಿಗಳು ತಾಕುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಬುಡಕ್ಕೆ ಸಿಮೆಂಟು, ಪಕ್ಕದಲ್ಲಿ ಟೈಲ್ಸು. ‘ನಮ್ ಅಜ್ಜನ ಕಾಲ್ದಿಂದ್ಲೂ ಪೂಜೆ ಮಾಡ್ತಿದೀವಿ, ಒಂದ್ ಚಕ್ಕೆ ಏಳಕ್ಕೆ ಬಿಟ್ಟಿಲ್ಲ’ ಎಂದರು ಅಲ್ಲಿ ಕುಳಿತಿದ್ದ ಹಿರಿಯರು. ಅವರ ಮಾತು ನಿಜ. ಈ ಪೂಜೆ ಇಲ್ಲದಿದ್ದರೆ ಕಲ್ಲು ಎಂದೋ ಯಾರದೋ ಮನೆಯ ಪಾಯ ಸೇರುತ್ತಿತ್ತು. ಶಾಸನ ಓದಲಾಗುತ್ತಿಲ್ಲ ಎಂಬುದೂ ನಿಜ. ಇದಕ್ಕೆ ಉಳಿಯಿತು ಅನ್ನಬೇಕೋ ಅಳಿಯಿತು ಅನ್ನಬೇಕೋ?

ಕಲ್ಯ
ಮಾಗಡಿ ತಾಲ್ಲೂಕಿನ ಈ ಊರಿನಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಾಗ ರಾಜ ಇಬ್ಬರ ಕೈ ಹಿಡಿಸಿ ರಾಜಿ ಮಾಡಿಸಿದ ಪ್ರಸಂಗ. ಇದೇ ತೀರ್ಪಿನ ಶ್ರವಣಬೆಳಗೊಳದ ಪ್ರತಿಯಲ್ಲಿ ಮುಂದಿನ ವ್ಯವಸ್ಥೆಯೂ ಇದೆ: ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಎತ್ತುವುದು, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನವರನ್ನು ಇಡುವುದು, ಮಿಕ್ಕ ದುಡ್ಡಿನಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸುವುದು. ಹಣ ಜೈನರದು, ಎತ್ತಿ ಕೆಲಸ ಮಾಡಿಸುವ ಹೊಣೆ ಶ್ರೀವೈಷ್ಣವ ಮುಖಂಡನದು.

ಜನರನ್ನು ಸೇರಿಸಿಕೊಂಡು ಸಂರಕ್ಷಣೆ ಮಾಡಬೇಕು ಎಂದು ಇವತ್ತು ಸೆಮಿನಾರಿನಲ್ಲಿ ಹೇಳುವುದನ್ನು 650 ವರ್ಷದ ಹಿಂದೆ ಕಲ್ಲಿನಲ್ಲಿ ಕೊರೆದಿದ್ದಾರೆ: ಯಾರ ದುಡ್ಡು, ಯಾರ ಹೊಣೆ, ಎಷ್ಟು ಜನ ಕಾವಲು, ಉಳಿದದ್ದು ಏನಾಗಬೇಕು. ಇಂದಿನ ಯೋಜನಾ ವರದಿಗಳಲ್ಲಿ ಇಷ್ಟು ಸ್ಪಷ್ಟತೆ ಯಾಕಿರುವುದಿಲ್ಲ?

ಹರಿಯಾಣದ ಹಾಳೆ
ಹೋಲಿಸಿ ನೋಡಲು ರಾಖಿಗಢಿ. ಹರಪ್ಪ ಕಾಲದ ಅತಿ ದೊಡ್ಡ ನೆಲೆಗಳಲ್ಲಿ ಒಂದು. ದಿಬ್ಬದ ಮೇಲೇ ಮನೆಗಳಿವೆ, ಬೆರಣಿ ತಟ್ಟಿ ಒಣಗಿಸುವುದೂ ಅಲ್ಲೇ. 2020ರ ಕೇಂದ್ರ ಬಜೆಟ್ಟಿನಲ್ಲಿ ವಿಶೇಷವಾಗಿ ಅಭಿವೃದ್ಧಿಪಡಿಸುವ ಐದು ಪುರಾತತ್ವ ತಾಣಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಕರ್ನಾಟಕದ್ದು ಒಂದೂ ಇರಲಿಲ್ಲ. ಪಟ್ಟಿಗೆ ಸೇರಿದ ಮೇಲೂ ಮೂಲ ಪ್ರಶ್ನೆ ಹಾಗೇ ಇದೆ: ದಿಬ್ಬದ ಮೇಲಿರುವವರು ಎಲ್ಲಿಗೆ ಹೋಗಬೇಕು? ಕೆಳಗಿನ ಊರಿಗಾಗಿ ಮೇಲಿನ ಊರನ್ನು ಎಬ್ಬಿಸುವಾಗ ಮೇಲಿನವರನ್ನು ಕೇಳದೆ ಆಗದು.

ನಮ್ಮಲ್ಲೇ ಬಳ್ಳಾರಿಯ ಸಂಗನಕಲ್ಲು ಇದೆ. ನವಶಿಲಾಯುಗದವರು ಕಲ್ಲುಕೊಡಲಿ ಮಾಡುತ್ತಿದ್ದ ಗುಡ್ಡ, ಬಡಿದರೆ ನಾದ ಕೊಡುವ ಬಂಡೆಗಳು, ಅವುಗಳ ಮೇಲೆ ಕುಟ್ಟಿದ ಚಿತ್ರಗಳು. ಅಲ್ಲಿಗೆ ಬಂದ ಕಂಟಕ ಕಲ್ಲುಗಣಿ. ಅಗೆದ ವಸ್ತುಗಳು ದೂರದ ಗೋದಾಮು ಸೇರದೆ ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯವಾದದ್ದು, ಅದರ ಹಿಂದೆ ರವಿ ಕೋರಿಶೆಟ್ಟರ್ ಅವರಂಥ ವಿದ್ವಾಂಸರು ನಿಂತದ್ದು ದೊಡ್ಡ ಸಮಾಧಾನ. ಸಿಕ್ಕಿದ್ದು ಸಿಕ್ಕಿದ ಊರಲ್ಲೇ ಇದ್ದರೆ ಊರಿನ ಮಕ್ಕಳು ನೋಡುತ್ತಾರೆ.

ಕನಕಪುರ ರಸ್ತೆ
ಲೇಔಟಿನ ಬಾವುಟಗಳು ಸಾಲುಗಟ್ಟಿವೆ. ಪುರಾತತ್ವದವರು ಕರಣಿ ಮತ್ತು ಬ್ರಷ್ಷಿನಲ್ಲಿ ದಿನಕ್ಕೆ ಕೆಲವು ಅಂಗುಲ ಇಳಿಯುತ್ತಾರೆ, ಪ್ರತಿ ಪದರದ ಚಿತ್ರ ಬರೆದುಕೊಳ್ಳುತ್ತಾರೆ. ಜೆಸಿಬಿ ಒಂದು ಬೆಳಗ್ಗೆಗೆ ಎಲ್ಲ ಪದರವನ್ನೂ ಟಿಪ್ಪರಿಗೆ ತುಂಬುತ್ತದೆ.

ಜಮೀನಿನವನು ಯಾಕೆ ಸುಮ್ಮನಿರುತ್ತಾನೆ? ಕೇಂದ್ರದ ರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎನ್ನುತ್ತದೆ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ. ಅರ್ಧ ಎಕರೆಯವನಿಗೆ ಕೇಳಿಸುವುದು ಒಂದೇ, ‘ಜಮೀನು ಹೋಯ್ತು.’ ಕಲ್ಲು ಕಂಡ ರಾತ್ರಿಯೇ ಕಲ್ಲು ಮಾಯ. ಕಾಯಲು ಮಾಡಿದ ಕಾನೂನಿಗೆ ಹೆದರಿ ಕಾಯಬೇಕಾದವನೇ ಒಡೆಯುತ್ತಾನೆ. ಬ್ರಿಟಿಷರ 1878ರ ನಿಧಿ ಕಾಯ್ದೆಯಲ್ಲಿ ವಾರಸುದಾರರಿಲ್ಲದ ನಿಧಿಯಲ್ಲಿ ಸಿಕ್ಕಿದವನಿಗೆ ಮುಕ್ಕಾಲು, ಜಾಗದವನಿಗೆ ಕಾಲು ಪಾಲಿತ್ತು. ಚಿನ್ನ ಸಿಕ್ಕಿದವನಿಗೆ ಪಾಲು, ಚಪ್ಪಡಿ ಕಾಯ್ದವನಿಗೆ ಏನು?

ಹೆಬ್ಬಾಳ
ಜಮೀನು ಕಳೆಯದೆ ಕಲ್ಲು ಕಾಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರದ ಒಂದು ತುಣುಕು ಬೆಂಗಳೂರಿನ ಈ ಹೆಬ್ಬಾಳದಲ್ಲಿದೆ. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿಗೆ ಜನರೇ ಸೇರಿ ಮಂಟಪ ಕಟ್ಟಿಸಿದರು. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ; 1905ರಲ್ಲಿ ಬಿ.ಎಲ್. ರೈಸ್ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೇ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕನಕಪುರದ ಶಾಸನಗಳನ್ನೂ ಸೇರಿಸಿ ಪ್ರಕಟಿಸಿದ್ದು ಇಂಥ ಹುಡುಕಾಟಕ್ಕೆ ದಾರಿ. ಇದಕ್ಕೆ ಯಾರ ಜಮೀನೂ ಹೋಗಲಿಲ್ಲ.

ಕೊನೆಯ ಟಿಪ್ಪಣಿ
ಅಗೆತ ಕೊನೆಗೆ ಬರಲಿ. ಒಮ್ಮೆ ಅಗೆದ ಪದರವನ್ನು ಇನ್ನೊಮ್ಮೆ ಅಗೆಯಲಾಗದು. ಮೊದಲು ಬೇಕಾದದ್ದು ಪಟ್ಟಿ: ನಾಲ್ಕು ತಾಲ್ಲೂಕಿನ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಕಲ್ಲಿನ ಪುಸ್ತಕ, ಅದನ್ನು ಬರೆಯುವವರು ಆ ಊರಿನ ಮೇಷ್ಟ್ರು ಮತ್ತು ಹುಡುಗರು. ಎರಡನೆಯದು, ಕಲ್ಲು ತೋರಿಸಿದವನ ಜಮೀನಿಗೆ ಧಕ್ಕೆಯಾದರೆ ಪರಿಹಾರ ಎಷ್ಟೆಂದು ಮೊದಲೇ ಬರೆದುಕೊಟ್ಟ ಕಾಗದ. ನಿಮ್ಮ ಹೊಲದಲ್ಲಿ ಪಾಯ ತೋಡುವಾಗ ನೆಟ್ಟಗೆ ನಿಂತ ಚಪ್ಪಡಿಯೋ ಕಪ್ಪು-ಕೆಂಪು ಮಡಕೆಯೋ ಕಂಡರೆ ಜೆಸಿಬಿ ನಿಲ್ಲಿಸಿ. ಅಲುಗಾಡಿಸದೆ ಫೋಟೊ ತೆಗೆಯಿರಿ. ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಬರೆದು ತಿಳಿಸಿ, ಸ್ವೀಕೃತಿ ಪತ್ರ ಕೇಳಿ ಪಡೆಯಿರಿ.