ಕೊರೆಯದೆ ಉಳಿದ ಹಲ್ಲು

ನಮ್ಮ ಮಗನಿಗೆ ಆರು ವರ್ಷವಾಗಿದ್ದಾಗ ದವಡೆ ಹಲ್ಲೊಂದು ಹುಳುಕಾಗಿತ್ತು. ಊರಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಕೊರೆಯುವ ಯಂತ್ರದ ಸದ್ದು ಕೇಳಿದ್ದೇ ತಡ, ಹುಡುಗ ಕುರ್ಚಿಯಿಂದ ಜಿಗಿಯಲು ನೋಡಿದ. "ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದರು. ನಾವಿಬ್ಬರೂ ಅವನ ಕೈಕಾಲು ಒತ್ತಿ ಹಿಡಿದುಕೊಂಡೆವು. ಹಲ್ಲು ತುಂಬಿಸಿದ್ದಾಯಿತು. ಆದರೆ ಮನೆಗೆ ಬರುವಾಗ ಅವನು ನಮ್ಮಿಬ್ಬರ ಕೈಯನ್ನೂ ಹಿಡಿಯಲಿಲ್ಲ. ಆಮೇಲೆ ಇನ್ನೊಂದು ಹಲ್ಲು ನೋಯತೊಡಗಿದಾಗ ವಾರಗಟ್ಟಲೆ ಯಾರಿಗೂ ಹೇಳದೆ ಒಂದೇ ಬದಿಯಲ್ಲಿ ಅಗಿಯುತ್ತಿದ್ದ. ನಮಗೆ ಗೊತ್ತಾಗುವಷ್ಟರಲ್ಲಿ ಕೆನ್ನೆ ಊದಿತ್ತು. ಆ ಹಲ್ಲನ್ನು ಕೀಳಿಸಬೇಕಾಯಿತು.

ಆದ್ದರಿಂದ ಕಳೆದ ವರ್ಷ ಐದು ವರ್ಷದ ಮಗಳ ಬಾಯಲ್ಲಿ ಕಂದು ಚುಕ್ಕೆ ಕಂಡಾಗ ನಮಗೆ ಹಲ್ಲಿಗಿಂತ ಹೆಚ್ಚಾಗಿ ಆ ಕುರ್ಚಿ ನೆನಪಾಯಿತು. ಅಮ್ಮಿ ಮಾತ್ರ, "ಹಲ್ಲಿಗೆ ಹುಳ ಬಿದ್ದಿದೆ. ಹಾಲುಹಲ್ಲು ತಾನೆ, ಬಿದ್ದು ಹೋಗುತ್ತೆ ಬಿಡಿ" ಎಂದರು. ನಮಗೂ ಹಾಗೆಯೇ ಬಿಟ್ಟುಬಿಡುವ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ.

ಈ ಸಲ ದಾವಣಗೆರೆಯ ಒಂದು ದಂತ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋದೆವು. ಅಲ್ಲಿನ ಡಾಕ್ಟರಮ್ಮ ಮಗಳ ಬಾಯಿ ನೋಡಿ, ಕನ್ನಡಿ ಹಿಡಿದು ನಮಗೂ ತೋರಿಸಿದರು. ಮುಂದಿನ ಎರಡು ಹಲ್ಲುಗಳ ಮೇಲೆ, ಒಸಡಿನ ಅಂಚಿಗೆ, ಸುಣ್ಣ ಬಳಿದಂತೆ ಬಿಳಿ ಗೆರೆಗಳಿದ್ದವು. ಅವು ನಮ್ಮ ಕಣ್ಣಿಗೆ ಅದುವರೆಗೆ ಬಿದ್ದೇ ಇರಲಿಲ್ಲ. ಕೆಳಗಿನ ದವಡೆ ಹಲ್ಲಿನಲ್ಲಿ ಸಣ್ಣ ಕುಳಿಯಿತ್ತು.

"ಕೊರೆಯಬೇಕಾ ಮೇಡಂ?" ಎಂದು ಕೇಳಿದೆವು. "ಈಗಲೇ ಬಂದಿದ್ದೀರಲ್ಲ, ಬೇಕಾಗಿಲ್ಲ" ಎಂದರು.

ಅವರು ಹೇಳಿದ್ದು ಇಷ್ಟು. ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಸುಮಾರು ಶೇ. 96ರಷ್ಟು ಬರೀ ಖನಿಜ. ಹುಳ ಎಂಬುದು ಯಾವುದೂ ಇಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಆಮ್ಲ ಉಂಟುಮಾಡುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರುತ್ತವೆ. ಸ್ವಲ್ಪ ಹೊತ್ತಾದ ಮೇಲೆ ಜೊಲ್ಲು ಆ ಆಮ್ಲವನ್ನು ತಣಿಸಿ, ಕಳೆದುಹೋದ ಖನಿಜವನ್ನು ಮತ್ತೆ ಹಲ್ಲಿಗೆ ತುಂಬುತ್ತದೆ. ಇದು ದಿನವೂ ನಡೆಯುವ ಜಮಾ-ಖರ್ಚು. ಖರ್ಚು ಹೆಚ್ಚಾದಾಗ ಮೊದಲು ಕಾಣುವುದೇ ಆ ಬಿಳಿ ಗೆರೆ. ಅಲ್ಲಿಯವರೆಗೆ ಮೇಲ್ಮೈ ಮುರಿದಿರುವುದಿಲ್ಲ, ಆದ್ದರಿಂದ ಹಲ್ಲು ಹಿಂದಿರುಗಿ ಗಟ್ಟಿಯಾಗಬಲ್ಲದು. ಫ್ಲೋರೈಡ್ ಇದ್ದರೆ ಖನಿಜ ಬೇಗ ಕೂರುತ್ತದೆ, ಹಾಗೆ ಕೂತದ್ದು ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಒಮ್ಮೆ ಕುಳಿ ಬಿದ್ದ ಮೇಲೆ ಮಾತ್ರ ಹೋದ ಭಾಗ ಮತ್ತೆ ಬೆಳೆಯುವುದಿಲ್ಲ, ಏಕೆಂದರೆ ಎನಾಮೆಲ್‌ನಲ್ಲಿ ಜೀವಕೋಶಗಳಿಲ್ಲ. ಆದರೆ ಆ ಕುಳಿಯನ್ನೂ ಅಲ್ಲಿಗೇ ನಿಲ್ಲಿಸಬಹುದು.

ಬಿಳಿ ಗೆರೆಗಳಿಗೆ ಫ್ಲೋರೈಡ್ ವಾರ್ನಿಶ್ ಹಚ್ಚಿದರು. ಕುಳಿಗೆ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ಔಷಧಿ. ಅದರಲ್ಲಿರುವ ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ಜಪಾನಿನಲ್ಲಿ ಇದು 1970ರ ದಶಕದಿಂದಲೂ ಬಳಕೆಯಲ್ಲಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೆ ಹಚ್ಚುವ ಮೊದಲೇ ಡಾಕ್ಟರಮ್ಮ ಒಂದು ಫೋಟೋ ತೋರಿಸಿ ಎಚ್ಚರಿಸಿದರು: "ಹುಳುಕಾದ ಜಾಗ ಕಪ್ಪಾಗುತ್ತದೆ. ಆ ಕಪ್ಪು ಹೋಗುವುದಿಲ್ಲ. ಒಪ್ಪಿಗೆ ಇದ್ದರೆ ಮಾತ್ರ ಹಚ್ಚುತ್ತೇನೆ." ರಾತ್ರಿ ತಾನಾಗಿಯೇ ನೋವು ಬರುತ್ತಿದ್ದರೆ, ಕೀವು ಕಟ್ಟಿದ್ದರೆ ಇದು ಸಾಲದು ಎಂದೂ ಹೇಳಿದರು.

ನಾವು ಮುಖ ಮುಖ ನೋಡಿಕೊಂಡೆವು. ಹೆಣ್ಣುಮಗು, ನಕ್ಕರೆ ಕಪ್ಪು ಹಲ್ಲು ಕಂಡರೆ ಜನ ಏನಂದಾರು ಎಂಬ ಯೋಚನೆ ಬಂದದ್ದು ನಿಜ. ಮಗನಿಗೆ ಹಲ್ಲು ತುಂಬಿಸುವಾಗ ಬರದ ಯೋಚನೆ ಇದು ಎಂಬುದೂ ಆಗಲೇ ಹೊಳೆದು ನಾಚಿಕೆಯಾಯಿತು. ಒಪ್ಪಿದೆವು. ತುಟಿಗೆ ವ್ಯಾಸಲೀನ್ ಸವರಿ, ಹತ್ತಿಯಿಂದ ಹಲ್ಲು ಒಣಗಿಸಿ, ಪುಟ್ಟ ಕುಂಚದಲ್ಲಿ ಒಂದು ತೊಟ್ಟು ಹಚ್ಚಿ ಒಂದು ನಿಮಿಷ ಕಾದರು. ಮುಗಿಯಿತು. ಸೂಜಿಯಿಲ್ಲ, ಸದ್ದಿಲ್ಲ. ಯಾರೂ ಯಾರನ್ನೂ ಹಿಡಿದುಕೊಳ್ಳಬೇಕಾಗಲಿಲ್ಲ. ಮಗಳು, "ಅಬ್ಬಾ, ಕಬ್ಬಿಣದ ರುಚಿ" ಎಂದು ಮುಖ ಕಿವುಚಿದಳು, ಅಷ್ಟೆ.

ಎರಡು ದಿನದಲ್ಲಿ ಆ ಕುಳಿ ಕಾಡಿಗೆಯಂತೆ ಕಪ್ಪಾಯಿತು. ಶಾಲೆಯಲ್ಲಿ ಯಾರೋ ಛೇಡಿಸಿದರೆಂದು ಅಳುತ್ತಾ ಬಂದಳು. ಅವಳನ್ನು ಸಮಾಧಾನ ಮಾಡಿದವರು ನಾವಲ್ಲ, ಅಮ್ಮಿ. ಅವರ ತವರು ಬಿಜಾಪುರ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನನ್ನ ನಾನಿ ಹಲ್ಲಿಗೆ ಮಿಸ್ಸಿ ಹಚ್ಚುತ್ತಿದ್ದರು. ಆಗ ಮದುವಣಗಿತ್ತಿಗೆ ಕಪ್ಪು ಹಲ್ಲೇ ಸಿಂಗಾರ. ನಿನಗೆ ಡಾಕ್ಟರಮ್ಮ ಪುಕ್ಕಟೆ ಮಿಸ್ಸಿ ಹಚ್ಚಿದ್ದಾರೆ" ಎಂದರು. ಜಪಾನಿನ ಹೆಂಗಸರಲ್ಲೂ ಹಲ್ಲು ಕಪ್ಪು ಮಾಡಿಕೊಳ್ಳುವ ಒಹಗುರೊ ಎಂಬ ಪದ್ಧತಿ ಇತ್ತೆಂದು ನಾವು ಹೇಳಿದಾಗ ಅಮ್ಮಿಗೇ ಹೆಚ್ಚು ಖುಷಿಯಾಯಿತು. ಮರುದಿನ ಮಗಳು ಶಾಲೆಯಲ್ಲಿ ಬಾಯಿ ತೆರೆದು ಎಲ್ಲರಿಗೂ ಮಿಸ್ಸಿ ತೋರಿಸಿ ಬಂದಳಂತೆ.

ಆದರೆ ಔಷಧಿ ಹಚ್ಚಿದ್ದು ಒಂದು ನಿಮಿಷದ ಕೆಲಸ. ಉಳಿದದ್ದೆಲ್ಲ ನಮ್ಮ ಅಡುಗೆಮನೆಯ ಕೆಲಸವಾಗಿತ್ತು. ಮಲಗುವಾಗ ಸಕ್ಕರೆ ಹಾಕಿದ ಹಾಲು ಕೊಡುತ್ತಿದ್ದವರು ನಾವೇ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಲ್ಲಿಗೆ ಜಮಾ ಆಗುವುದೇ ಇಲ್ಲ, ಬರೀ ಖರ್ಚು. ಅಳು ನಿಲ್ಲಿಸಲು ಬಿಸ್ಕತ್ತು, ಚಹಾದ ಜೊತೆ ರಸ್ಕು, ಅಂಗಡಿಗೆ ಹೋದರೆ ಚಾಕೊಲೇಟು. ಒಟ್ಟು ಎಷ್ಟು ಸಿಹಿ ತಿಂದೆವು ಎಂಬುದಷ್ಟೇ ಅಲ್ಲ, ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಈಗ ಹಬ್ಬದ ಶೀರ್ ಖುರ್ಮಾ ಊಟದ ಜೊತೆಗೇ ಮುಗಿಯುತ್ತದೆ, ಸಂಜೆಯವರೆಗೆ ಬಟ್ಟಲು ಸುತ್ತುವುದಿಲ್ಲ. ರಮಝಾನಿನಲ್ಲಿ ಸಹರಿ ಉಂಡ ಮೇಲೆ ಫಜ್ರ್‌ಗೆ ಮೊದಲು ಹಲ್ಲುಜ್ಜದೆ ದೊಡ್ಡವರೂ ಮಲಗುವುದಿಲ್ಲ.

ಪೇಸ್ಟಿನ ವಿಷಯದಲ್ಲೂ ಮನೆಯಲ್ಲಿ ವಾದವಾಯಿತು. ಪಾವಗಡದ ಕಡೆಯ ನೆಂಟರೊಬ್ಬರು, "ಫ್ಲೋರೈಡ್ ವಿಷ. ನಮ್ಮೂರಿನ ಕೊಳವೆಬಾವಿ ನೀರು ಕುಡಿದವರ ಹಲ್ಲು, ಮೂಳೆ ನೋಡಿ" ಎಂದರು. ಅವರ ಮಾತು ಸುಳ್ಳಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಆದರೆ ವರ್ಷಗಟ್ಟಲೆ ಹೊಟ್ಟೆಗೆ ಹೋಗುವುದು ಬೇರೆ, ಹಲ್ಲಿಗೆ ಹಚ್ಚಿ ಉಗುಳುವುದು ಬೇರೆ. ಭಾರತದಲ್ಲಿ ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಡಬ್ಬಿಯ ಮೇಲೆ ಅದನ್ನು ಓದಿ ಕೊಂಡುಕೊಳ್ಳಲು, ಬಟಾಣಿ ಕಾಳಿನಷ್ಟು ಹಾಕಲು, ಮೂರು ವರ್ಷದೊಳಗಿನ ಮಕ್ಕಳಿಗಾದರೆ ಅಕ್ಕಿಕಾಳಿನಷ್ಟು ಸವರಲು ಡಾಕ್ಟರಮ್ಮ ಹೇಳಿದರು. ಉಜ್ಜಿದ ಮೇಲೆ ಉಗುಳಬೇಕು, ನೀರಿನಿಂದ ಮುಕ್ಕಳಿಸಿ ಪೂರ್ತಿ ತೊಳೆಯಬಾರದು. ಮನೆಯಲ್ಲಿ ಮಿಸ್ವಾಕ್ ಬಿಡದ ಹಿರಿಯರಿದ್ದಾರೆ. ಅದು ಬೇಕು, ಆದರೆ ಮಗುವಿನ ಹಿಂದಿನ ದವಡೆಗೆ ದೊಡ್ಡವರ ಕೈಯಲ್ಲಿ ಬ್ರಶ್ಶೂ ಬೇಕು.

ಆರು ತಿಂಗಳ ನಂತರ ಮತ್ತೆ ಹೋದೆವು. ಬಿಳಿ ಗೆರೆಗಳು ಮಾಸಿ ಹೊಳಪು ಬಂದಿತ್ತು. ಕಪ್ಪು ಕುಳಿಯನ್ನು ಡಾಕ್ಟರಮ್ಮ ಸಲಕರಣೆಯಿಂದ ಮೆಲ್ಲಗೆ ಮುಟ್ಟಿ ನೋಡಿ, "ಕಲ್ಲಿನಂತಾಗಿದೆ" ಎಂದು ಇನ್ನೊಮ್ಮೆ ಔಷಧಿ ಹಚ್ಚಿದರು. ಆ ಹಲ್ಲು ಬೀಳುವುದು ಹತ್ತು ಹನ್ನೊಂದನೇ ವರ್ಷಕ್ಕೆ. ಅಲ್ಲಿಯವರೆಗೆ ಅದು ಉಣ್ಣಲೂ ಬೇಕು, ಮುಂದೆ ಬರುವ ಹಲ್ಲಿಗೆ ಜಾಗ ಕಾಯಲೂ ಬೇಕು.

ಆ ದಿನ ಮಗನೂ ಜೊತೆಗೆ ಬಂದಿದ್ದ. ಅವನಿಗೀಗ ಹದಿಮೂರು. ಹೊರಗೆ ಬೆಂಚಿನ ಮೇಲೆ ಕೂತವನು ತಂಗಿ ನಗುತ್ತಾ ಬಂದದ್ದನ್ನು ನೋಡಿ, "ನೋವಾಯ್ತೇನೇ?" ಎಂದು ಕೇಳಿದ. "ಇಲ್ಲಪ್ಪ, ಬರೀ ಬಣ್ಣ ಹಚ್ತಾರೆ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದೂ ಒಂದ್ಸಲ ನೋಡ್ತಾರಾ? ಬರೀ ನೋಡಬೇಕು ಅಷ್ಟೆ" ಎಂದ. ಏಳು ವರ್ಷಗಳಲ್ಲಿ ಅವನು ತಾನಾಗಿ ಆ ಮಾತು ಆಡಿದ್ದು ಅದೇ ಮೊದಲು. ಒಳಗೆ ಕರೆದುಕೊಂಡು ಹೋದೆವು. ಅವನು ತಾನೇ ಕುರ್ಚಿ ಹತ್ತಿದ. ನಾವು ಬಾಗಿಲ ಬಳಿಯೇ ನಿಂತೆವು.