ಆ ಪ್ರಶ್ನೆಗೆ ಉತ್ತರ ಯಾರು ಕೊಡಬೇಕು?

ಎಂಬಿಬಿಎಸ್ ಓದುತ್ತಿರುವ ಅಕ್ಕನ ಮಗಳನ್ನು ಮೊನ್ನೆ ಕೇಳಿದೆ: "2021ರಲ್ಲಿ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನೇ ದಾನ ಮಾಡಿದರು. ಅದೇ ವರ್ಷ ನಟ ಪುನೀತ್ ರಾಜ್‌ಕುಮಾರ್ ಹೋದಾಗ ಕಣ್ಣು ಮಾತ್ರ. ಯಾಕೆ?"

ಸ್ವಲ್ಪ ಯೋಚಿಸಿ ಹೇಳಿದಳು: "ವಿಜಯ್ ಅವರದು ಮಿದುಳು ಸಾವು ಮಾಮಾ, ಹೃದಯ ಇನ್ನೂ ಬಡಿಯುತ್ತಿತ್ತು. ಪುನೀತ್ ಅವರ ಹೃದಯವೇ ನಿಂತಿತ್ತು. ಆಮೇಲೂ ಆರು ಗಂಟೆಯೊಳಗೆ ಕಣ್ಣು ತೆಗೆಯಬಹುದು."

ಸರಿ ಉತ್ತರ. ಆದರೆ ಕೋಮಾಕ್ಕೂ ಮಿದುಳು ಸಾವಿಗೂ ವ್ಯತ್ಯಾಸವನ್ನು ಒಬ್ಬ ತಾಯಿಗೆ ಹೇಗೆ ಹೇಳುತ್ತೀಯ ಎಂದಾಗ ಸುಮ್ಮನಾದಳು. ಪರೀಕ್ಷೆಗೆ ಓದಿದ್ದಳು, ಹೇಳುವುದನ್ನು ಯಾರೂ ಕಲಿಸಿರಲಿಲ್ಲ.

ಐಸಿಯುನಲ್ಲಿ ಮಗನ ಕೈ ಬೆಚ್ಚಗಿದೆ, ವೆಂಟಿಲೇಟರಿಗೆ ಎದೆ ಏರಿಳಿಯುತ್ತಿದೆ. ಸತ್ತಿದ್ದಾನೆಂದರೆ ಯಾವ ತಾಯಿ ನಂಬುತ್ತಾಳೆ? ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿಯೇ ಮಿದುಳು ಸಾವನ್ನು ದೃಢಪಡಿಸಬೇಕು, ಅಂಗ ತೆಗೆಯುವವರು ಆ ನಾಲ್ವರಲ್ಲಿ ಇರುವಂತಿಲ್ಲ ಎಂಬುದು 1994ರ ಅಂಗಾಂಗ ಕಸಿ ಕಾಯ್ದೆಯ ನಿಯಮ. ಇದನ್ನು ನಿಧಾನವಾಗಿ, ಕನ್ನಡದಲ್ಲಿ, ಪಕ್ಕ ಕೂತು ಹೇಳುವ ಯುವ ವೈದ್ಯರು ನಮಗೆ ಬೇಕು.

ನೀವೂ ಇವತ್ತೇ ಮನೆಯಲ್ಲಿ ಅಂಗಾಂಗ ದಾನದ ಬಗ್ಗೆ ನಿಮ್ಮ ಇಚ್ಛೆ ಹೇಳಿಬಿಡಿ. ದಾನಿ ಕಾರ್ಡಿದ್ದರೂ ಕೊನೆಗೆ ಕೇಳುವುದು ಮನೆಯವರನ್ನೇ.